ಸೆಲ್ಲು ಯಾರು ಹಾಕ್ತಾರೆ?

ಹೋದ ವರ್ಷ ಇಂಟರ್ನಲ್ಸ್ ಹಿಂದಿನ ದಿನ ಸಂಜೆ ನಮ್ಮ ಡಿಪಾರ್ಟ್‌ಮೆಂಟಿನ ರೀಡಿಂಗ್ ಹಾಲ್‌ನಲ್ಲಿ ಲೈಟೇ ಹತ್ತಲಿಲ್ಲ. ಕರೆಂಟ್ ಇತ್ತು, ಫ್ಯಾನ್ ತಿರುಗ್ತಿತ್ತು. ಲೈಟ್ ಮಾತ್ರ ಇಲ್ಲ. ಸ್ವಿಚ್ ಹುಡುಕಿದರೆ ಸ್ವಿಚ್ಚೂ ಇಲ್ಲ! ಆ ಜಾಗದಲ್ಲಿ ಒಂದು ಖಾಲಿ ಪ್ಲೇಟ್, ಅದರ ಮೇಲೆ ಮಾಸಿದ ಸ್ಟಿಕ್ಕರ್: "ಸ್ಮಾರ್ಟ್ ಲೈಟಿಂಗ್ ಪ್ರಾಜೆಕ್ಟ್, ದಯವಿಟ್ಟು ಮುಟ್ಟಬೇಡಿ."

ಸೀನಿಯರ್‌ಗಳು ಫೈನಲ್ ಇಯರ್‌ನಲ್ಲಿ ಮಾಡಿದ ಪ್ರಾಜೆಕ್ಟ್ ಅದು. ಸೀಲಿಂಗ್‌ನಲ್ಲಿ ನಾಲ್ಕು ಬಿಳಿ ಡಬ್ಬಿ, ಒಳಗೆ ಪಿಐಆರ್ ಸೆನ್ಸರ್, ಒಂದು ವೈಫೈ ಬೋರ್ಡು, ಒಂದು ಲಿಥಿಯಂ ಸೆಲ್ಲು. ಜನ ಬಂದರೆ ಲೈಟ್ ಆನ್, ಹೋದರೆ ಆಫ್. ಎಕ್ಸ್‌ಪೋದಲ್ಲಿ ಬಹುಮಾನವೂ ಬಂದಿತ್ತು. ಅವರು ಇರೋವರೆಗೂ ತಿಂಗಳಿಗೆರಡು ಸಲ ಏಣಿ ಹತ್ತಿ ಸೆಲ್ ಚಾರ್ಜ್ ಮಾಡಿ ಹಾಕ್ತಿದ್ದರು. ಕೋರ್ಸ್ ಮುಗಿಯಿತು, ಅವರು ಹೋದರು, ಸೆಲ್ಲೂ ಹೋಯಿತು.

ಮಾರನೇ ದಿನ ನಮ್ಮ ಎಲೆಕ್ಟ್ರಿಷಿಯನ್ ಅಣ್ಣ ಏಣಿ ತಂದು ನಾಲ್ಕೂ ಡಬ್ಬಿ ಕಿತ್ತು, ಹಳೇ ಸ್ವಿಚ್‌ಬೋರ್ಡ್ ಕೂರಿಸಿದರು. "ಯಾಕಣ್ಣ ತೆಗೀತಿದೀರಾ, ಒಳ್ಳೇ ಪ್ರಾಜೆಕ್ಟ್ ಅಲ್ವಾ?" ಅಂತ ಕೇಳಿದೆ. ಕೆಳಗೆ ನೋಡದೇ ಉತ್ತರ ಕೊಟ್ಟರು: "ಒಳ್ಳೇ ಐಟಮ್ಮೇ ಕಣಪ್ಪ. ಆದ್ರೆ ಸೆಲ್ಲು ಯಾರು ಹಾಕ್ತಾರೆ?"

ಈ ಪ್ರಶ್ನೆಯನ್ನು ನಮ್ಮ ಯಾವ ವೈವಾದಲ್ಲೂ ಯಾರೂ ಕೇಳಲ್ಲ. ಕೇಳಬೇಕು ಅನ್ನೋದೇ ಈ ಲೇಖನದ ವಾದ. ಜೊತೆಗೆ ಇನ್ನೊಂದು ಮಾತು: ಆ ಪ್ರಶ್ನೆಗೆ ಒಳ್ಳೆಯ ಉತ್ತರ ಈಗಾಗಲೇ ಇದೆ. ಸೆಲ್ಲೇ ಇಲ್ಲದ ವೈರ್‌ಲೆಸ್ ಸ್ವಿಚ್, ಸೆಲ್ಲೇ ಇಲ್ಲದ ಸೆನ್ಸರ್. ನಾವು ಅದನ್ನು ಕಲಿಯೋಕೆ ಮನಸ್ಸು ಮಾಡಿಲ್ಲ, ಅಷ್ಟೇ.

ಮೊದಲು ಆ ಪ್ರಾಜೆಕ್ಟ್ ಯಾಕೆ ಹದಿನೈದು ದಿನಕ್ಕೇ ಸುಸ್ತಾಗ್ತಿತ್ತು ನೋಡೋಣ. ನಾವೆಲ್ಲ ಬಳಸುವ ಇಎಸ್‌ಪಿ32 ಚಿಪ್ ಡೀಪ್ ಸ್ಲೀಪ್‌ನಲ್ಲಿ ಸುಮಾರು 10 ಮೈಕ್ರೋಆಂಪಿಯರ್ ಮಾತ್ರ ಎಳೆಯುತ್ತೆ ಅಂತ ಡೇಟಾಶೀಟ್ ಹೇಳುತ್ತೆ. ಅದನ್ನೇ ನಾವು ರಿಪೋರ್ಟ್‌ನಲ್ಲಿ ಕಾಪಿ ಮಾಡ್ತೀವಿ. ಆದರೆ ಡೆವಲಪ್‌ಮೆಂಟ್ ಬೋರ್ಡ್ ಮೇಲೆ ಚಿಪ್ ಒಂದೇ ಇರಲ್ಲ. ಅಲ್ಲಿರುವ ಅಗ್ಗದ ರೆಗ್ಯುಲೇಟರ್ ಏನೂ ಕೆಲಸ ಮಾಡದೇ ಇದ್ದರೂ ಸುಮಾರು 5 ಮಿಲಿಆಂಪಿಯರ್ ತಿನ್ನುತ್ತೆ. 2000 ಮಿಲಿಆಂಪಿಯರ್-ಅವರ್ ಸೆಲ್ಲನ್ನು 5ರಿಂದ ಭಾಗಿಸಿ: 400 ಗಂಟೆ. ಹದಿನೇಳು ದಿನವೂ ಇಲ್ಲ. ಸೆನ್ಸರ್ ಒಬ್ಬ ಮನುಷ್ಯನನ್ನೂ ನೋಡದಿದ್ದರೂ, ಒಂದೂ ಮೆಸೇಜ್ ಕಳಿಸದಿದ್ದರೂ ಸೆಲ್ ಖಾಲಿ.

ಮೆಸೇಜ್ ಕಳಿಸಿದರಂತೂ ಕೇಳೋದೇ ಬೇಡ. ವೈಫೈಗೆ ಕನೆಕ್ಟ್ ಆಗಿ, ಐಪಿ ಅಡ್ರೆಸ್ ತಗೊಂಡು, ಒಂದು ಸಣ್ಣ ಸುದ್ದಿ ಕಳಿಸೋಕೆ ಒಂದೆರಡು ಸೆಕೆಂಡ್ ಬೇಕು, ಆಗ ಕರೆಂಟ್ ನೂರು ಮಿಲಿಆಂಪಿಯರ್ ಆಸುಪಾಸು. ಲೆಕ್ಕ ಹಾಕಿದರೆ ಅರ್ಧ ಜೂಲ್ ಹತ್ತಿರ ಬರುತ್ತೆ. ಹೇಳಬೇಕಾದ ಸುದ್ದಿ ಎಷ್ಟು? "ಲೈಟ್ ಹಾಕು." ಒಂದು ಬಿಟ್. ಪಕ್ಕದ ಮನೆಗೆ ಸಕ್ಕರೆ ಕೇಳೋಕೆ ಲಾರಿ ತಗೊಂಡು ಹೋದ ಹಾಗೆ.

ಇದೇ ಒಂದು ಬಿಟ್ ಸುದ್ದಿಯನ್ನು ಬೇರೆ ರೀತಿ ಕಳಿಸಿದವರು ಜರ್ಮನಿಯಲ್ಲಿದ್ದಾರೆ. ಸೀಮೆನ್ಸ್ ಕಂಪನಿಯಿಂದ ಹೊರಬಂದ ಎಂಜಿನಿಯರ್‌ಗಳು 2001ರಲ್ಲಿ ಮ್ಯೂನಿಕ್ ಹತ್ತಿರದ ಓಬರ್‌ಹಾಕಿಂಗ್‌ನಲ್ಲಿ ಎನ್‌ಓಷನ್ ಅನ್ನೋ ಕಂಪನಿ ಶುರು ಮಾಡಿದರು. ಅವರ ಪ್ರಶ್ನೆ ಸರಳ: ಸ್ವಿಚ್ ಒತ್ತುವಾಗ ಬೆರಳು ಹೇಗೂ ಕೆಲಸ ಮಾಡುತ್ತಲ್ಲ, ಆ ಕೆಲಸದಿಂದಲೇ ರೇಡಿಯೋ ಸಂದೇಶ ಕಳಿಸಬಾರದೇಕೆ?

ಒಳಗಿರೋದು ನಾವು ಪಿಯುಸಿಯಲ್ಲಿ ಓದಿದ ಫ್ಯಾರಡೆ, 1831. ಒಂದು ಪುಟ್ಟ ಮ್ಯಾಗ್ನೆಟ್, ಒಂದು ಕಾಯಿಲ್, ಒಂದು ಸ್ಪ್ರಿಂಗ್. ಬಟನ್ ಒತ್ತಿದಾಗ ಸ್ಪ್ರಿಂಗ್ ಬಿಗಿಯಾಗುತ್ತಾ ಹೋಗಿ ಒಂದು ಹಂತದಲ್ಲಿ ಟಕ್ ಅಂತ ಜಾರುತ್ತೆ. ಆಗ ಕಾಯಿಲ್ ಮೂಲಕ ಹಾಯುವ ಕಾಂತಕ್ಷೇತ್ರ ಉಲ್ಟಾ ಆಗುತ್ತೆ, ಕಾಯಿಲ್‌ನಲ್ಲಿ ಒಂದು ಪಲ್ಸ್ ಹುಟ್ಟುತ್ತೆ. ಇಲ್ಲಿ ಸ್ಪ್ರಿಂಗ್‌ನ ಪಾತ್ರ ಗಮನಿಸಿ. ನೀವು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಜಾರುವ ವೇಗ ಹೆಚ್ಚುಕಡಿಮೆ ಒಂದೇ, ಹಾಗಾಗಿ ಪಲ್ಸ್ ಕೂಡ ಒಂದೇ. ಅಜ್ಜಿ ಒತ್ತಿದರೂ ಲೈಟ್ ಹತ್ತುತ್ತೆ, ಪೈಲ್ವಾನ್ ಒತ್ತಿದರೂ ಹತ್ತುತ್ತೆ.

ಸಿಗುವ ಶಕ್ತಿ ಎಷ್ಟು? ಒಂದು ಸಲ ಒತ್ತಿದರೆ 200 ಮೈಕ್ರೋಜೂಲ್ ಆಸುಪಾಸು. ಒಂದು ಗ್ರಾಂ ತೂಗುವ ಕಡಲೆಬೀಜವನ್ನು ಎರಡು ಸೆಂಟಿಮೀಟರ್ ಮೇಲೆತ್ತೋಕೆ ಬೇಕಾದಷ್ಟು. ಅಷ್ಟರಲ್ಲೇ ಚಿಪ್ ಎಚ್ಚರಾಗಿ, ತನ್ನ 32 ಬಿಟ್ ಗುರುತಿನ ಸಂಖ್ಯೆ, ಯಾವ ಬಟನ್ ಅನ್ನೋ ವಿವರ ಸೇರಿಸಿ, ಒಂದು ಮಿಲಿಸೆಕೆಂಡ್ ಆಸುಪಾಸಿನ ಪುಟ್ಟ ಸಂದೇಶ ಕಳಿಸುತ್ತೆ. ಒಂದು ತಪ್ಪಿದರೆ ಇನ್ನೊಂದು ಸಿಗಲಿ ಅಂತ ಅದನ್ನೇ ಮೂರು ಸಲ ಹೇಳುತ್ತೆ. ಆಮೇಲೆ ಸಂಪೂರ್ಣ ನಿದ್ದೆ. ಉತ್ತರಕ್ಕೆ ಕಾಯಲ್ಲ, ಕನೆಕ್ಷನ್ ಇಲ್ಲ, ಪಾಸ್‌ವರ್ಡ್ ಹಾಕಿ ಲಾಗಿನ್ ಆಗೋದಿಲ್ಲ. ನಮ್ಮ ವೈಫೈ ಡಬ್ಬಿಯ ಅರ್ಧ ಜೂಲ್‌ಗೆ ಹೋಲಿಸಿ: ಎರಡೂವರೆ ಸಾವಿರ ಪಟ್ಟು ಕಮ್ಮಿ. ಈ ರೇಡಿಯೋ ಪದ್ಧತಿ 2012ರಲ್ಲಿ ಐಎಸ್‌ಓ/ಐಇಸಿ 14543-3-10 ಅನ್ನೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಕೂಡ ಆಯಿತು. ಜಿಗ್‌ಬೀಯಲ್ಲಿ ಗ್ರೀನ್ ಪವರ್ ಅನ್ನೋ ಭಾಗ ಇರೋದೂ ಇಂಥ ಸೆಲ್ ಇಲ್ಲದ ಸಾಧನಗಳಿಗಾಗಿಯೇ.

"ಇದೆಲ್ಲ ಫಾರಿನ್ ಕಥೆ" ಅನ್ನಬೇಡಿ. ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರ್‌ಗೆ ಯಾವತ್ತಾದರೂ ಸೆಲ್ ಹಾಕಿದ್ದೀರಾ? ಅದರೊಳಗೆ ಒಂದು ಪೀಜೋ ಹರಳು, ಸ್ಪ್ರಿಂಗ್‌ನಿಂದ ಬಡಿಯುವ ಒಂದು ಸುತ್ತಿಗೆ. ಅಪ್ಪನ ಕಾಲದ ಸೈಕಲ್ ಡೈನಮೋ, ಕೈ ಅಲುಗಿದರೆ ತಾನೇ ಕೀ ಕೊಟ್ಟುಕೊಳ್ಳುತ್ತಿದ್ದ ಎಚ್‌ಎಂಟಿ ಆಟೋಮ್ಯಾಟಿಕ್ ವಾಚ್, ಅಂಗಡಿಯ ಸೋಲಾರ್ ಕ್ಯಾಲ್ಕುಲೇಟರ್ ಎಲ್ಲವೂ ಇದೇ ಕುಲದವು. ಅಲ್ಲಲ್ಲೇ ಬಿದ್ದಿರುವ ಶಕ್ತಿಯನ್ನು ಆರಿಸಿಕೊಂಡು ಬದುಕುವ ಯಂತ್ರಗಳು. ಸುಗ್ಗಿ ಮುಗಿದ ಮೇಲೆ ಗದ್ದೆಯಲ್ಲಿ ಉದುರಿದ ತೆನೆ ಆರಿಸ್ತಾರಲ್ಲ, ಹಾಗೆ.

ಸ್ವಿಚ್‌ಗೆ ಬೆರಳು ಸಿಕ್ಕಿತು. ಸೀಲಿಂಗ್ ಮೇಲಿನ ಸೆನ್ಸರ್‌ಗೆ ಏನು ಸಿಗುತ್ತೆ? ಬೆಳಕು. ಓದೋಕೆ ಸಾಕಾಗುವ 500 ಲಕ್ಸ್ ಬೆಳಕಿನಲ್ಲಿ ಕ್ಯಾಲ್ಕುಲೇಟರ್‌ನಲ್ಲಿರುವಂಥ ಅಮಾರ್ಫಸ್ ಸಿಲಿಕಾನ್ ಸೋಲಾರ್ ಸೆಲ್ ಪ್ರತಿ ಚದರ ಸೆಂಟಿಮೀಟರ್‌ಗೆ ಸುಮಾರು 10 ಮೈಕ್ರೋವ್ಯಾಟ್ ಕೊಡಬಲ್ಲದು. ಬಿಸಿಲಿಗೆ ಹೋಲಿಸಿದರೆ ಏನೂ ಅಲ್ಲ. ಆದರೆ 5 ಚದರ ಸೆಂಟಿಮೀಟರ್, ದಿನಕ್ಕೆ 8 ಗಂಟೆ ಬೆಳಕು ಅಂದುಕೊಳ್ಳಿ. ಇಡೀ ದಿನದ ಸರಾಸರಿ 16 ಮೈಕ್ರೋವ್ಯಾಟ್ ಆಯಿತು. ಈಗ ಒಂದು ಸಿಆರ್2032 ಬಟನ್ ಸೆಲ್ ತಗೊಳ್ಳಿ: 225 ಮಿಲಿಆಂಪಿಯರ್-ಅವರ್, 3 ವೋಲ್ಟ್, ಅಂದರೆ ಸುಮಾರು 2400 ಜೂಲ್. ಅದನ್ನು ಐದು ವರ್ಷಕ್ಕೆ ಹಂಚಿದರೆ 15 ಮೈಕ್ರೋವ್ಯಾಟ್. ಎರಡೂ ಒಂದೇ! ಬೆರಳುಗುರಿನ ಐದಾರು ಪಟ್ಟು ಅಗಲದ ಸೋಲಾರ್ ತುಂಡು ಪ್ರತಿ ಐದು ವರ್ಷಕ್ಕೊಂದು ಹೊಸ ಸೆಲ್ ಹಾಕಿದಷ್ಟು ಕೊಡುತ್ತೆ, ಏಣಿ ಇಲ್ಲದೆ.

ಇಷ್ಟು ಓದಿದ ಉತ್ಸಾಹದಲ್ಲಿ ನಾವು ಮೂರು ಜನ ಗೆಳೆಯರು ಒಂದು ಸೆನ್ಸರ್ ಕಟ್ಟಿದೆವು. 1 ಮೈಕ್ರೋಆಂಪಿಯರ್ ಮಾತ್ರ ಬೇಡುವ ಪಿಐಆರ್, ನಿದ್ದೆಯಲ್ಲಿ ಅಷ್ಟೇ ಎಳೆಯುವ ಮೈಕ್ರೋಕಂಟ್ರೋಲರ್, 5 ಚದರ ಸೆಂಟಿಮೀಟರ್ ಸೋಲಾರ್, 0.22 ಫ್ಯಾರಡ್ ಸೂಪರ್ ಕೆಪಾಸಿಟರ್. ಒಟ್ಟು ಖರ್ಚು 6 ಮೈಕ್ರೋವ್ಯಾಟ್ ಸುತ್ತಮುತ್ತ. ಕೆಪಾಸಿಟರ್ 3.3 ವೋಲ್ಟ್‌ನಿಂದ 2.2ಕ್ಕೆ ಇಳಿಯುವವರೆಗೆ ಸುಮಾರು 0.66 ಜೂಲ್, ಅಂದರೆ ಕತ್ತಲಲ್ಲಿ 30 ಗಂಟೆ. ರಾತ್ರಿ ಆರಾಮಾಗಿ ಕಳೆಯಿತು. ಕಿಟಕಿ ಇಲ್ಲದ ನಮ್ಮ ಸೆಮಿನಾರ್ ರೂಮ್‌ನಲ್ಲಿ ಒಂದು ವಾರ ಚೆನ್ನಾಗಿ ನಡೆಯಿತು.

ಶನಿವಾರ ಮಧ್ಯಾಹ್ನ ಬೀಗ ಹಾಕಿದರು, ಸೋಮವಾರ ಬೆಳಿಗ್ಗೆ ತೆಗೆದರು. 44 ಗಂಟೆ. ಒಳಗೆ ಹೋದರೆ ಲೈಟ್ ಹತ್ತಲಿಲ್ಲ. ಸೆನ್ಸರ್ ಸತ್ತಿತ್ತು. ಅದಕ್ಕೆ ಜೀವ ಬರೋಕೆ ಬೆಳಕು ಬೇಕು, ಬೆಳಕು ಬರೋಕೆ ಅದಕ್ಕೆ ಜೀವ ಬೇಕು. ತಾನು ಆರಿಸುವ ದೀಪವನ್ನೇ ತಿಂದು ಬದುಕುವ ಸೆನ್ಸರ್ ನಾವು ಕಟ್ಟಿದ್ದೆವು! ಎಲೆಕ್ಟ್ರಿಷಿಯನ್ ಅಣ್ಣ ನೋಡಿದ್ದರೆ ಮತ್ತೆ ಏಣಿ ತರುತ್ತಿದ್ದರು.

ದೊಡ್ಡ ಕೆಪಾಸಿಟರ್ ಹಾಕೋಣ ಅಂತ ಒಬ್ಬ ಅಂದ. ಅದರ ಸೋರಿಕೆಯೇ ಸೆನ್ಸರ್‌ನ ಖರ್ಚಿಗೆ ಸಮವಾಗಬಹುದು, ದಸರಾ ರಜೆಗಂತೂ ಯಾವುದೂ ಸಾಲಲ್ಲ. ಉತ್ತರ ಕೊನೆಗೆ ಸಿಕ್ಕಿದ್ದು ಕೆಲಸ ಹಂಚೋದರಲ್ಲಿ. ಲೈಟ್ ಹಾಕೋದು ಮನುಷ್ಯನ ಕೆಲಸ, ಆರಿಸೋದು ಮಾತ್ರ ಸೆನ್ಸರ್ ಕೆಲಸ. ಒಳಗೆ ಬಂದವರು ಬೆರಳಿನ ಶಕ್ತಿಯ ಸ್ವಿಚ್ ಒತ್ತಲಿ. ಆ ಸ್ವಿಚ್‌ಗೆ ರಜೆಯ ಭಯ ಇಲ್ಲ, ಹತ್ತು ವರ್ಷ ಬಿಟ್ಟು ಒತ್ತಿದರೂ ಪಲ್ಸ್ ಹೊಸದಾಗಿ ಹುಟ್ಟುತ್ತೆ. ಲೈಟ್ ಹತ್ತಿದ ಮೇಲೆ ಸೆನ್ಸರ್ ಊಟ ಮಾಡಿ ಎಚ್ಚರಾಗಲಿ. ಜನ ಎದ್ದು ಹೋದ ಮೇಲೆ ಅದು ಲೈಟ್ ಆರಿಸಲಿ. ಸೆನ್ಸರ್‌ನಿಂದ ತುಂಬ ಹೊತ್ತು ಸುದ್ದಿಯೇ ಬರದಿದ್ದರೆ ರಿಸೀವರ್ ಅದನ್ನು ಮರೆತು ಸ್ವಿಚ್ಚಿನ ಮಾತನ್ನಷ್ಟೇ ಕೇಳಲಿ. ಆಗ ಕೆಟ್ಟರೂ ರೂಮ್ ಕತ್ತಲಾಗಲ್ಲ, ಸಾಮಾನ್ಯ ರೂಮ್ ಆಗುತ್ತೆ. ನಮ್ಮ ಮರೆವಿನ ಸಮಸ್ಯೆಯೂ ಆರಿಸೋದರಲ್ಲೇ ಇರೋದು. ಕತ್ತಲ ರೂಮಿಗೆ ಬಂದು ಲೈಟ್ ಹಾಕೋಕೆ ಯಾರೂ ಮರೆಯಲ್ಲ.

ಈಗ ಬರುವ ಆಕ್ಷೇಪಗಳಿಗೆ ಬರ್ತೀನಿ, ಯಾಕೆಂದರೆ ಕ್ಯಾಂಟೀನ್‌ನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದೀನಿ.

"ಎಲ್‌ಇಡಿ ಬಂದ ಮೇಲೆ ಇದೆಲ್ಲ ಯಾಕೆ?" ಅರ್ಧ ಒಪ್ಪುತ್ತೀನಿ. 20 ವ್ಯಾಟ್‌ನ ಒಂದು ಎಲ್‌ಇಡಿ ಟ್ಯೂಬ್‌ಗೆ ದಿನಕ್ಕೆ ನಾಲ್ಕು ಗಂಟೆ ಉಳಿಸಿದರೆ ವರ್ಷಕ್ಕೆ 200 ದಿನದಲ್ಲಿ 16 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ 128 ರೂಪಾಯಿ. ಅದಕ್ಕೊಂದು ಸೆನ್ಸರ್ ಕೂರಿಸೋದು ಮೂರ್ಖತನ. ಆದರೆ ನಮ್ಮ ಕ್ಲಾಸ್‌ರೂಮ್‌ನಲ್ಲಿ 12 ಟ್ಯೂಬ್ ಜೊತೆ 75 ವ್ಯಾಟ್‌ನ 8 ಫ್ಯಾನ್ ಇದಾವೆ. ಒಟ್ಟು 840 ವ್ಯಾಟ್. ಅದೇ ಲೆಕ್ಕದಲ್ಲಿ ವರ್ಷಕ್ಕೆ 672 ಯೂನಿಟ್, ಐದು ಸಾವಿರದ ಮುನ್ನೂರಕ್ಕೂ ಹೆಚ್ಚು ರೂಪಾಯಿ. ಲೈಟ್ ಆರಿಸುವ ರಿಲೇ ಫ್ಯಾನನ್ನೂ ಆರಿಸಬಹುದಲ್ಲ? ಜರ್ಮನಿಯಲ್ಲಿ ಲೈಟಿನ ಜೊತೆ ಹೀಟರ್ ಯೋಚಿಸ್ತಾರೆ, ನಾವು ಫ್ಯಾನ್ ಯೋಚಿಸಬೇಕು.

"ವೈರ್ ಎಳೆದರೆ ಮುಗೀತು." ಹೊಸ ಕಟ್ಟಡ ಕಟ್ಟುವಾಗ ಖಂಡಿತ ವೈರ್ ಎಳೀರಿ. ಲೈಟಿಂಗ್‌ಗೆ ಡಾಲಿ ಅನ್ನೋ ಎರಡು ತಂತಿಯ ಒಳ್ಳೇ ಪದ್ಧತಿ ಇದೆ. ಆದರೆ ಕಲ್ಲಿನ ಗೋಡೆಯ ಹಳೇ ಬ್ಲಾಕ್, ಪ್ರತಿ ವರ್ಷ ಪಾರ್ಟಿಷನ್ ಬದಲಾಗುವ ಲ್ಯಾಬ್, ಇಲ್ಲೆಲ್ಲ ಗೋಡೆ ಕೊರೆಯೋರು ಯಾರು? ಡಬಲ್ ಟೇಪ್‌ನಲ್ಲಿ ಅಂಟಿಸಬಹುದಾದ ಸ್ವಿಚ್‌ಗೆ ಬೆಲೆ ಇರೋದು ಇಂಥ ಕಡೆ.

"ಅಷ್ಟು ಕಮ್ಮಿ ಪವರ್ ಆದರೆ ಸೆಲ್ಲೇ ಹತ್ತು ವರ್ಷ ಬರುತ್ತಲ್ಲ?" ಇದು ಗಟ್ಟಿ ಪ್ರಶ್ನೆ. ನಿಜ, ಹುಷಾರಾಗಿ ಡಿಸೈನ್ ಮಾಡಿದರೆ ಬರಬಹುದು, ಬರೀ ಕತ್ತಲ ಸ್ಟೋರ್‌ರೂಮ್‌ನಲ್ಲಿ ಸೆಲ್ಲೇ ಸರಿ. ಆದರೆ ಒಂದು ದೊಡ್ಡ ಕಟ್ಟಡದಲ್ಲಿ 1000 ಸೆನ್ಸರ್, ಪ್ರತಿಯೊಂದಕ್ಕೂ ಐದು ವರ್ಷದ ಸೆಲ್ ಅಂದುಕೊಳ್ಳಿ. ವರ್ಷಕ್ಕೆ 200 ಸೆಲ್, ಅಂದರೆ ಹೆಚ್ಚುಕಡಿಮೆ ಪ್ರತಿ ಕೆಲಸದ ದಿನವೂ ಒಬ್ಬರು ಏಣಿ ಹತ್ತಬೇಕು. ತೆಗೆದ ಸೆಲ್ ಎಲ್ಲಿ ಹೋಗುತ್ತೆ? 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಬೇರೆ ಕಸದ ಜೊತೆ ಸೇರಿಸೋ ಹಾಗಿಲ್ಲ. ನಮ್ಮ ಹಾಸ್ಟೆಲ್ ಡಸ್ಟ್‌ಬಿನ್ ನೋಡಿದವರಿಗೆ ಉಳಿದದ್ದು ಗೊತ್ತು.

ನನ್ನ ಕಡೆಯಿಂದಲೂ ಕೆಲವು ಎಚ್ಚರಿಕೆ ಹೇಳಬೇಕು. ಸ್ವಿಚ್‌ಗೆ ಸೆಲ್ ಬೇಡ ನಿಜ, ಆದರೆ ಅದರ ಮಾತು ಕೇಳುವ ರಿಸೀವರ್ ಹಗಲೂ ರಾತ್ರಿ ಎಚ್ಚರ ಇರಬೇಕು. ಅದು ಲೈಟಿನ ಹತ್ತಿರ ಮೇನ್ಸ್‌ನಿಂದ ನಡೆಯುತ್ತೆ. ಅರ್ಧ ವ್ಯಾಟ್ ಅಂದರೂ ವರ್ಷಕ್ಕೆ 4.4 ಯೂನಿಟ್. ಟ್ಯೂಬ್‌ಗೊಂದು ರಿಸೀವರ್ ಹಾಕಿದರೆ ಉಳಿಸಿದ್ದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಅದೇ ತಿನ್ನುತ್ತೆ, ರೂಮಿಗೊಂದು ಸಾಕು. ಸ್ವಿಚ್ ಮಾತಾಡುತ್ತೆ, ಕೇಳಿಸಿಕೊಳ್ಳಲ್ಲ. ಹಾಗಾಗಿ ಸಂದೇಶ ತಲುಪಿತಾ ಅಂತ ಅದಕ್ಕೆ ಗೊತ್ತಾಗಲ್ಲ. ದಪ್ಪ ಕಾಂಕ್ರೀಟ್ ಗೋಡೆ ದಾಟೋದು ಕಷ್ಟ. ಬೆಲೆ ಸಾಮಾನ್ಯ ಸ್ವಿಚ್‌ಗಿಂತ ಹಲವು ಪಟ್ಟು. ಆನ್‌ಲೈನ್‌ನಲ್ಲಿ ತರಿಸುವವರು ಫ್ರೀಕ್ವೆನ್ಸಿ ನೋಡಿ ತರಿಸಿ: ಯುರೋಪಿನ ಎನ್‌ಓಷನ್ ರೇಡಿಯೋ 868.3 ಮೆಗಾಹರ್ಟ್ಸ್, ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಪಟ್ಟಿ 865ರಿಂದ 868. ಕೂದಲೆಳೆ ಅಂತರದಲ್ಲಿ ಹೊರಗೆ! ಬ್ಲೂಟೂತ್, ಜಿಗ್‌ಬೀ ಬಳಸುವ 2.4 ಗಿಗಾಹರ್ಟ್ಸ್ ಮಾದರಿಗಳೂ ಸಿಗುತ್ತವೆ, ನಮಗೆ ಅವೇ ಕ್ಷೇಮ.

ಇಷ್ಟಾದರೂ ನನ್ನ ವಾದ ಬರೀ ಒಂದು ಸ್ವಿಚ್ ಬಗ್ಗೆ ಅಲ್ಲ. ನಾವು ಈ ಕ್ಯಾಂಪಸ್‌ಗೆ ನಾಲ್ಕು ವರ್ಷದ ನೆಂಟರು. ಎಲೆಕ್ಟ್ರಿಷಿಯನ್ ಅಣ್ಣ ಇಲ್ಲೇ ಇರ್ತಾರೆ, ಕಟ್ಟಡ ಇನ್ನೂ ಐವತ್ತು ವರ್ಷ ಇರುತ್ತೆ. ನಾವು ಮಾಡುವ ಪ್ರಾಜೆಕ್ಟ್‌ಗಳ ಆಯಸ್ಸು ಮಾತ್ರ ಎಕ್ಸ್‌ಪೋ ದಿನ ಸಂಜೆವರೆಗೆ. ಮಾಡಿದ್ದನ್ನು ನೋಡಿಕೊಳ್ಳುವ ಭಾರ ನಾವು ಹೆಸರೂ ಕೇಳದ ಒಬ್ಬರ ತಲೆ ಮೇಲೆ ಬೀಳುತ್ತೆ. ಅವರು ಕಿತ್ತು ಹಾಕಿದರೆ "ಇವರಿಗೆ ಟೆಕ್ನಾಲಜಿ ಗೊತ್ತಿಲ್ಲ" ಅಂತೀವಿ. ಅವತ್ತು ರೀಡಿಂಗ್ ಹಾಲ್‌ನಲ್ಲಿ ನಿಜವಾದ ಎಂಜಿನಿಯರಿಂಗ್ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಅದಕ್ಕೇ ಎರಡು ಬೇಡಿಕೆ. ಒಂದು, ನಮ್ಮ ಗೈಡ್‌ಗಳಿಗೆ: ವೈರ್‌ಲೆಸ್ ಅಂತ ಹೆಸರಿರುವ ಪ್ರತಿ ಪ್ರಾಜೆಕ್ಟ್ ರಿಪೋರ್ಟ್‌ನಲ್ಲೂ ಒಂದು ಪುಟ ಶಕ್ತಿಯ ಲೆಕ್ಕ ಕೇಳಿ. ಎಷ್ಟು ಮೈಕ್ರೋವ್ಯಾಟ್ ಬರುತ್ತೆ, ಎಷ್ಟು ಹೋಗುತ್ತೆ, ರಜೆಯಲ್ಲಿ ಏನಾಗುತ್ತೆ, ಕೆಟ್ಟರೆ ರೂಮ್ ಏನಾಗುತ್ತೆ. ಡೇಟಾಶೀಟ್ ನಂಬರ್ ಬೇಡ, ಮೀಟರ್ ಹಿಡಿದು ಅಳೆದ ನಂಬರ್ ಬೇಕು. ಎರಡು, ನಮಗೇ: ಡೆಮೋ ದಿನ ಎಲೆಕ್ಟ್ರಿಷಿಯನ್ ಅಣ್ಣನನ್ನೂ ಕರೆಯೋಣ. ಅವರು ಒಪ್ಪಿದರೆ ಮಾತ್ರ ಗೋಡೆಗೆ ಅಂಟಿಸೋಣ.

ನಾವು ಮೂರು ಜನ ಹಾಗೇ ಮಾಡಿದೆವು. ಸೆಮಿನಾರ್ ರೂಮ್ ಬಾಗಿಲ ಪಕ್ಕ ಆ ಸ್ವಿಚ್ ಅಂಟಿಸುವ ಮುಂಚೆ ಅವರ ಕೈಗೆ ಕೊಟ್ಟೆವು. ತಿರುಗಿಸಿ ನೋಡಿದರು, ಹಿಂದಿನ ಮುಚ್ಚಳ ಹುಡುಕಿದರು. "ಸೆಲ್ ಹಾಕೋ ಜಾಗ ಎಲ್ಲಿ?" ಅಂದರು. ಇಲ್ಲ ಅಂದೆವು. ಕೈಯಲ್ಲಿ ಹಿಡಿದು ಕಾರಿಡಾರ್ ತುದಿವರೆಗೂ ನಡೆದುಕೊಂಡು ಹೋಗಿ ಅಲ್ಲಿಂದ ಟಕ್ ಅನ್ನಿಸಿದರು. ಲೈಟ್ ಹತ್ತಿತು. ಮತ್ತೆ ಟಕ್, ಆರಿತು. ವಾಪಸ್ ಬಂದು, "ಹಳೇ ಸ್ವಿಚ್ ಮಾತ್ರ ತೆಗೀಬೇಡಿ, ಅದೂ ಇರ್ಲಿ" ಅಂದರು. ಅದೂ ಇದೆ. ಎರಡೂ ಕೆಲಸ ಮಾಡ್ತಿವೆ. ನಿಮ್ಮ ಬ್ಲಾಕ್‌ನ ಸೀಲಿಂಗ್‌ನಲ್ಲಿ ಸತ್ತ ಸೆನ್ಸರ್ ಡಬ್ಬಿ ಏನಾದರೂ ನೇತಾಡ್ತಿದ್ದರೆ ನಮಗೆ ಹೇಳಿ. ಏಣಿ ಅಣ್ಣನ ಹತ್ತಿರ ಇದೆ, ಒಟ್ಟಿಗೆ ಹತ್ತಿ ನೋಡೋಣ.